ಸ್ಪೀಚ್ ಥೆರಪಿಸ್ಟ್ ಗಂಟಲನ್ನೂ ನೋಡುತ್ತಾರೆ

ಕಳೆದ ವರ್ಷ ಮಾನ್ವಿಯಲ್ಲಿ ನಮ್ಮ ನಾನಾಗೆ ಲಕ್ವಾ ಹೊಡೆಯಿತು. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಜೀವ ಉಳಿಸಿದರು, ಆ ಋಣ ದೊಡ್ಡದು. ಆದರೆ ನೀರು ಕುಡಿದಾಗಲೆಲ್ಲ ಕೆಮ್ಮು, ಆಮೇಲೆ ಗೊರಗೊರ ದನಿ. ನೆಗಡಿ ಎಂದುಕೊಂಡೆವು. ನಾಲ್ಕನೇ ದಿನ ಜ್ವರ ಬಂತು, ನ್ಯುಮೋನಿಯಾ ಎಂದರು.

ಲಕ್ವಾ ಹೊಡೆದಾಗ ಕೈಕಾಲಿನಂತೆ ಗಂಟಲಿನ ಸ್ನಾಯುಗಳೂ ಸೋಲಬಹುದು. ಆಗ ನೀರು, ಅನ್ನ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಅದು ಇನ್ನೂ ಅಪಾಯ.

ದೇವದುರ್ಗದ ಮಾಮು ತಮ್ಮ ಮಗನ ಶ್ರವಣದೋಷಕ್ಕಾಗಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬಂದವರು. "ಸ್ಪೀಚ್ ಥೆರಪಿಸ್ಟ್‌ಗೆ ತೋರಿಸೋಣ ಸಾಹೇಬ್ರೆ" ಎಂದರು. "ಅವರು ತೊದಲುವ ಮಕ್ಕಳಿಗಲ್ಲವೇ?" ಎಂದು ಡಾಕ್ಟರರೇ ಕೇಳಿದರು! ಆದರೂ ಚೀಟಿ ಬರೆದುಕೊಟ್ಟರು. ಆ ಚೀಟಿ ಮೊದಲ ದಿನವೇ ಸಿಗಬೇಕಿತ್ತು.

ಥೆರಪಿಸ್ಟ್ ಮೇಡಂ ಚಮಚದಲ್ಲಿ ಸ್ವಲ್ಪಸ್ವಲ್ಪ ನೀರು ಕೊಟ್ಟು, ನುಂಗುವುದನ್ನು, ದನಿಯನ್ನು ಪರೀಕ್ಷಿಸಿದರು. ತೆಳು ನೀರು ಬೇಡ, ಮಂದವಾಗಿರಲಿ. ನೆಟ್ಟಗೆ ಕೂರಿಸಿ, ಗದ್ದ ತಗ್ಗಿಸಿ ನುಂಗಿಸಿ ಎಂದರು. ನಾನಾ ಈಗ ಮಂದನೆಯ ಜೋಳದ ಅಂಬಲಿ ಕುಡಿಯುತ್ತಾರೆ, ನಿಧಾನವಾಗಿ.

ವಿಜ್ಞಾನ ವಿಭಾಗದ ಗೆಳೆಯರಿಗೆ ಒಂದು ಮಾತು: ಪಿಯುಸಿ ನಂತರ ಇದಕ್ಕೆ ಬಿ.ಎ.ಎಸ್.ಎಲ್.ಪಿ. ಎಂಬ ಪದವಿಯಿದೆ. ಇಂಟರ್ನ್‌ಶಿಪ್ ಸೇರಿ 4 ವರ್ಷ.