ಅಮ್ಮನ ಕಾಲ್ ಬಂದಿತ್ತು, ಫೋನ್ ಮಾತ್ರ ಸುಮ್ಮನಿತ್ತು

ಬೆಳಿಗ್ಗೆ ಏಳಕ್ಕೆ ಅಲಾರಂ ಹೊಡೀತು. ಕಣ್ಣುಜ್ಜಿಕೊಂಡು ಫೋನ್ ನೋಡಿದರೆ ಮೂರು ಮಿಸ್ಡ್ ಕಾಲ್. ರಾತ್ರಿ 11.50ಕ್ಕೆ ಒಂದು, 12.20ಕ್ಕೆ ಒಂದು, ಒಂದು ಗಂಟೆಗೆ ಇನ್ನೊಂದು. ಮೂರೂ ಅರಸೀಕೆರೆಯಿಂದ, ಅಮ್ಮ ಮಾಡಿದ್ದು. ಎದೆ ಧಸಕ್ಕೆಂದಿತು.

ಅಪ್ಪನಿಗೆ ಶುಗರ್ ಲೋ ಆಗಿ ಮೈಯೆಲ್ಲ ಬೆವೆತು ಮಾತು ತೊದಲುತ್ತಿತ್ತಂತೆ. ಪಕ್ಕದ ಮನೆಯವರೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ನಾನು ವಾಪಸ್ ಕಾಲ್ ಮಾಡುವಷ್ಟರಲ್ಲಿ ಅಪ್ಪ ಕಾಫಿ ಕೇಳುವಷ್ಟು ಚೇತರಿಸಿಕೊಂಡಿದ್ದರು. ‘ಮೊದಲನೇ ಸಲ ಎತ್ತಲಿಲ್ಲವಲ್ಲ, ಸುಸ್ತಾಗಿ ಮಲಗಿರ್ತೀಯ ಅಂತ ಸುಮ್ನಾದೆ ಕಣೇ. ಅಪ್ಪ ಯಾವ್ಯಾವ ಮಾತ್ರೆ ತಗೋತಾರೆ ಅಂತ ಡಾಕ್ಟ್ರು ಕೇಳಿದಾಗ ಮತ್ತೆ ಮಾಡ್ದೆ’ ಅಂದರು ಅಮ್ಮ. ಮಾತ್ರೆ ಚೀಟಿಯ ಫೋಟೊ ಇದ್ದದ್ದು ನನ್ನ ಫೋನಿನಲ್ಲಿ, ನನ್ನ ದಿಂಬಿನ ಪಕ್ಕದಲ್ಲಿ.

ಫೋನೇನೂ ಕೆಟ್ಟಿರಲಿಲ್ಲ. ಎರಡು ತಿಂಗಳ ಹಿಂದೆ ಆಫೀಸ್ ಗ್ರೂಪಿನ ಕಾಟ ತಾಳಲಾರದೆ ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ‘ಡು ನಾಟ್ ಡಿಸ್ಟರ್ಬ್’ ಹಾಕಿದ್ದೆ. ಹಾಕಿದ್ದನ್ನು ನಾನು ಮರೆತೆ, ಫೋನ್ ಮರೆಯಲಿಲ್ಲ. ಅದಾದ ಮೇಲೆ ಒಂದು ಭಾನುವಾರ ಕೂತು ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ರಿಂಗ್ ಆಗದ ಫೋನನ್ನು ರಿಪೇರಿ ಅಂಗಡಿಗೆ ಒಯ್ಯುವ ಮೊದಲು ನಾವೇ ನೋಡಬಹುದಾದದ್ದು ಎಷ್ಟೊಂದಿದೆ ಅಂತ ಆಗ ಗೊತ್ತಾಯ್ತು. ಮೆನುವಿನ ಹೆಸರುಗಳು ಒಂದೊಂದು ಕಂಪನಿಯ ಫೋನಿನಲ್ಲಿ ತುಸು ಬೇರೆ ಇರುತ್ತವೆ. ಸೆಟ್ಟಿಂಗ್ಸ್‌ನ ಸರ್ಚ್‌ನಲ್ಲಿ ಹುಡುಕಿದರೆ ಸುಲಭ.

ಮೊದಲು ಒಂದೇ ಪ್ರಶ್ನೆ

ಕಾಲ್ ಮಾಡಿದೆ ಅಂತ ಅವರು ಹೇಳ್ತಾರೆ. ನಿಮ್ಮ ಫೋನಿನಲ್ಲಿ ಮಿಸ್ಡ್ ಕಾಲ್ ತೋರಿಸ್ತಾ ಇದೆಯಾ? ಇದ್ದರೆ ಕಾಲ್ ನಿಮ್ಮ ಫೋನ್‌ವರೆಗೂ ಬಂದಿದೆ, ಸದ್ದು ಮಾತ್ರ ಎಲ್ಲೋ ನಿಂತಿದೆ. ಇಲ್ಲದಿದ್ದರೆ ಕಾಲ್ ದಾರಿಯಲ್ಲೇ ತಪ್ಪಿಹೋಗಿದೆ, ಇಲ್ಲವೇ ಬ್ಲಾಕ್ ಆಗಿದೆ. ಇವೆರಡರ ಮದ್ದು ಬೇರೆ ಬೇರೆ.

ಮಿಸ್ಡ್ ಕಾಲ್ ಇದೆ, ಸದ್ದಿಲ್ಲ

ವಾಲ್ಯೂಮ್: ರೀಲ್ಸ್ ಜೋರಾಗಿ ಕೇಳಿಸ್ತಿದೆ ಅಂದಮಾತ್ರಕ್ಕೆ ರಿಂಗ್ ಕೂಡ ಜೋರಾಗಿದೆ ಎಂದಲ್ಲ. ಆಂಡ್ರಾಯ್ಡ್‌ನಲ್ಲಿ ಮೀಡಿಯಾ ವಾಲ್ಯೂಮ್ ಬೇರೆ, ರಿಂಗ್ ವಾಲ್ಯೂಮ್ ಬೇರೆ. ಸೌಂಡ್ ಸೆಟ್ಟಿಂಗ್‌ಗೆ ಹೋಗಿ ರಿಂಗ್‌ನದನ್ನೇ ಏರಿಸಿ. ಹಳೆಯ ಐಫೋನ್‌ಗಳಲ್ಲಿ ಎಡಬದಿಯ ಪುಟ್ಟ ಸ್ವಿಚ್ ಜೇಬಿನಲ್ಲಿ ಜಾರಿ ಸೈಲೆಂಟ್ ಆಗಿರಬಹುದು. ಐಫೋನ್ 15 ಪ್ರೊನಲ್ಲಿ ಆ ಜಾಗಕ್ಕೆ ಆ್ಯಕ್ಷನ್ ಬಟನ್ ಬಂತು, ಅದನ್ನು ಒತ್ತಿ ಹಿಡಿದರೂ ಸೈಲೆಂಟ್ ಆಗುತ್ತೆ.

ಡು ನಾಟ್ ಡಿಸ್ಟರ್ಬ್: ಐಫೋನಿನಲ್ಲಿ ಇದು ‘ಫೋಕಸ್’ನ ಒಳಗಿದೆ, ಅರ್ಧಚಂದ್ರನ ಗುರುತು. ಈಗ ಆಫ್ ಇದೆ ಅಂತ ಬಿಟ್ಟುಬಿಡಬೇಡಿ, ಷೆಡ್ಯೂಲ್ ನೋಡಿ. ನಿದ್ದೆಗೆ, ಡ್ರೈವಿಂಗ್‌ಗೆ, ಮೀಟಿಂಗ್‌ಗೆ ಅಂತ ಯಾವತ್ತೋ ಹಾಕಿದ್ದು ತನ್ನಷ್ಟಕ್ಕೆ ಆನ್ ಆಗ್ತಿರುತ್ತೆ. ಕೆಲವು ಫೋನುಗಳನ್ನು ಮೇಜಿನ ಮೇಲೆ ಬೋರಲು ಹಾಕಿದರೂ ಸದ್ದು ನಿಲ್ಲುತ್ತೆ. ಅದೂ ಒಂದು ಸೆಟ್ಟಿಂಗೇ.

ಬ್ಲೂಟೂತ್: ಇಯರ್‌ಬಡ್ಸ್ ಬ್ಯಾಗಿನಲ್ಲಿ, ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚಿಲ್ಲ, ಫೋನ್ ಇನ್ನೂ ಅದಕ್ಕೇ ಅಂಟಿಕೊಂಡಿದೆ. ಬ್ಲೂಟೂತ್ ಆಫ್ ಮಾಡಿ ಒಂದು ಕಾಲ್ ಮಾಡಿಸಿ ನೋಡಿ.

ರಿಂಗ್‌ಟೋನ್: ಎಲ್ಲರ ಕಾಲ್ ಕೇಳಿಸಿ ಒಬ್ಬರದು ಮಾತ್ರ ಕೇಳಿಸದಿದ್ದರೆ, ಆ ಹೆಸರಿಗೆ ಬೇರೆ ರಿಂಗ್‌ಟೋನ್ ಇಟ್ಟಿದ್ದೀರಾ ನೋಡಿ. ಯಾರ ಮೇಲೋ ಕೋಪ ಬಂದಾಗ ‘ಸೈಲೆಂಟ್’ ಅಂತ ಇಟ್ಟು ಮರೆತವರೂ ಇದ್ದಾರೆ! ಮೆಮೊರಿ ಕಾರ್ಡಿನಲ್ಲಿದ್ದ ಹಾಡನ್ನು ರಿಂಗ್‌ಟೋನ್ ಮಾಡಿಕೊಂಡು, ಆಮೇಲೆ ಕಾರ್ಡ್ ತೆಗೆದಿದ್ದರೂ ತೊಂದರೆಯೇ. ಫೋನಿನ ಜೊತೆ ಬಂದ ಟೋನ್ ಒಂದನ್ನು ಇಟ್ಟು ಪರೀಕ್ಷಿಸಿ.

ಅಪರಿಚಿತರ ಕಾಲ್: ಸೇವ್ ಆಗಿರದ ನಂಬರ್‌ಗಳನ್ನು ಮೌನವಾಗಿಸುವ ಸೌಲಭ್ಯ ಐಫೋನಿಗೆ 2019ರಲ್ಲೇ ಬಂತು. ಆಂಡ್ರಾಯ್ಡ್‌ನಲ್ಲೂ, ಕಾಲರ್ ಐಡಿ ಆ್ಯಪ್‌ಗಳಲ್ಲೂ ಇಂಥದ್ದಿದೆ. ಸಾಲ ಬೇಕಾ ಅನ್ನುವವರಿಂದ ಮುಕ್ತಿ ಸಿಗುತ್ತೆ, ನಿಜ. ಆದರೆ ಇಂಟರ್‌ವ್ಯೂ ಕಳಿಸಿ ಕಾಯ್ತಿರುವಾಗ ಎಚ್‌ಆರ್ ಕಾಲ್, ಗೇಟಿನಲ್ಲಿ ನಿಂತ ಡೆಲಿವರಿ ಹುಡುಗನ ಕಾಲ್, ಆಸ್ಪತ್ರೆಯ ಲ್ಯಾಂಡ್‌ಲೈನ್ ಎಲ್ಲವೂ ಅದೇ ಬುಟ್ಟಿಗೆ ಬೀಳುತ್ತವೆ.

ಸ್ಪೀಕರ್: ಇಷ್ಟೆಲ್ಲ ಸರಿಯಿದ್ದೂ ಸದ್ದಿಲ್ಲವಾದರೆ ಇಯರ್‌ಫೋನ್ ಇಲ್ಲದೆ ಒಂದು ಹಾಡು ಹಾಕಿ. ಹಾಡೂ ಕೇಳಿಸದಿದ್ದರೆ ಆಗ ಸ್ಪೀಕರ್ ಮೇಲೆ ಅನುಮಾನ ಪಡಿ. ಕವರ್ ತೆಗೆದು, ಒಣಗಿದ ಮೆತ್ತನೆ ಬ್ರಷ್‌ನಿಂದ ಧೂಳು ಒರೆಸಿ. ಪಿನ್ನು, ಸೂಜಿ ಬೇಡ. ಅಂಗಡಿಗೆ ಹೋಗಬೇಕಾದ್ದು ಇದಾದ ಮೇಲೆ.

ಮಿಸ್ಡ್ ಕಾಲ್ ಕೂಡ ಇಲ್ಲ

ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ ಆಫ್ ಮಾಡಿ, ಅಥವಾ ಫೋನ್ ರೀಸ್ಟಾರ್ಟ್ ಮಾಡಿ. ಆಮೇಲೆ ಸಿಮ್ ಸೆಟ್ಟಿಂಗ್‌ನಲ್ಲಿ ವಿಒಎಲ್‌ಟಿಇ ಆನ್ ಇದೆಯಾ ನೋಡಿ. ಜಿಯೊದಂಥ ನೆಟ್‌ವರ್ಕ್‌ನಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಹಾಗಾಗಿ ವಿಒಎಲ್‌ಟಿಇ ಇಲ್ಲದಿದ್ದರೆ ಮಾಮೂಲಿ ಕಾಲ್ ಬರೋದೇ ಇಲ್ಲ. ಎರಡು ಸಿಮ್ ಇರುವ ಹಲವು ಫೋನುಗಳಲ್ಲಿ ಒಂದರಲ್ಲಿ ಮಾತಾಡ್ತಿರುವಾಗ ಇನ್ನೊಂದಕ್ಕೆ ಕಾಲ್ ತಲುಪಲ್ಲ. ಬ್ಲಾಕ್ ಲಿಸ್ಟನ್ನೂ ಒಮ್ಮೆ ತೆರೆದು ನೋಡಿ. ಸ್ಪ್ಯಾಮ್ ಕಾಲ್ ಅಂತ ಆತುರದಲ್ಲಿ ಒತ್ತಿದಾಗ ಯಾರದೋ ನಂಬರ್ ಸೇರಿಕೊಂಡಿರುತ್ತೆ.

ಇವೆಲ್ಲಕ್ಕಿಂತ ಮುಖ್ಯವಾಗಿ ನೋಡಬೇಕಾದ್ದು ಕಾಲ್ ಫಾರ್ವರ್ಡಿಂಗ್. ಎಲ್ಲ ಕಾಲ್‌ಗಳೂ ಬೇರೆ ನಂಬರ್‌ಗೆ ಫಾರ್ವರ್ಡ್ ಆಗಿದ್ದರೆ ನಿಮ್ಮ ಫೋನ್ ರಿಂಗೂ ಆಗಲ್ಲ, ಮಿಸ್ಡ್ ಕಾಲೂ ತೋರಿಸಲ್ಲ. ‘ಕೊರಿಯರ್ ಬಂದಿದೆ, ಈ ಕೋಡ್ ಡಯಲ್ ಮಾಡಿ’ ಅಂತ ನಂಬಿಸಿ, ಸ್ಟಾರ್ 21 ಅಥವಾ ಸ್ಟಾರ್ 401 ಎಂದು ಶುರುವಾಗುವ ಕೋಡನ್ನು ನಮ್ಮ ಕೈಯಿಂದಲೇ ಒತ್ತಿಸುವುದು ವಂಚಕರ ಹಳೇ ವರಸೆ. ಆಮೇಲೆ ನಮಗೆ ಬರಬೇಕಾದ ಒಟಿಪಿ ಕಾಲ್ ಅವರ ಕಿವಿಗೆ! ಈ ಬಗೆಯ ಕೋಡ್ ಒತ್ತಿ ಕಾಲ್ ಫಾರ್ವರ್ಡ್ ಮಾಡುವ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು. ಹಾಗಿದ್ದರೂ ಫೋನ್ ಆ್ಯಪ್‌ನ ಕಾಲ್ ಸೆಟ್ಟಿಂಗ್‌ಗೆ ಹೋಗಿ ಫಾರ್ವರ್ಡಿಂಗ್‌ನಲ್ಲಿ ಗೊತ್ತಿಲ್ಲದ ನಂಬರ್ ಇದೆಯಾ ನೋಡಿ. ಇದ್ದರೆ ತೆಗೆದುಹಾಕಿ, ಸಿಮ್ ಕಂಪನಿಯ ಕಸ್ಟಮರ್ ಕೇರ್‌ಗೆ ಹೇಳಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕಾಲ್ ಮಾಡಿ.

ಅಂದಹಾಗೆ, 1909ಕ್ಕೆ ಹೇಳಿ ಮಾಡಿಸುವ ಡಿಎನ್‌ಡಿ ಬೇರೆ. ಅದು ತಡೆಯುವುದು ಜಾಹೀರಾತಿನ ಕಾಲ್‌ಗಳನ್ನು. ಅಮ್ಮನ ಕಾಲ್ ನಿಲ್ಲಿಸಿದ್ದು ಅದಲ್ಲ.

ವಾಟ್ಸ್‌ಆ್ಯಪ್ ಕಾಲ್ ಮಾತ್ರ ಬರಲ್ವಾ?

ಮಾಮೂಲಿ ಕಾಲ್ ರಿಂಗ್ ಆಗಿ ವಾಟ್ಸ್‌ಆ್ಯಪ್ ಕಾಲ್ ಆಗದಿದ್ದರೆ ಆ ಆ್ಯಪ್‌ನ ನೋಟಿಫಿಕೇಷನ್ ಅನುಮತಿ ನೋಡಿ. ಆಂಡ್ರಾಯ್ಡ್ 13ರಿಂದ ಆ್ಯಪ್‌ಗಳು ಈ ಅನುಮತಿಯನ್ನು ಕೇಳಿ ಪಡೆಯಬೇಕು. ಆತುರದಲ್ಲಿ ‘ಬೇಡ’ ಅಂತ ಒತ್ತಿದ್ದರೆ ಅಲ್ಲಿಗೆ ಮುಗೀತು. ಇನ್ನೊಂದು ಕಳ್ಳ ಬ್ಯಾಟರಿ ಸೇವರ್. ಚಾರ್ಜ್ ಉಳಿಸಲು ಅದು ಹಿನ್ನೆಲೆಯಲ್ಲಿರುವ ಆ್ಯಪನ್ನು ಮಲಗಿಸಿಬಿಡುತ್ತೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ವಾಟ್ಸ್‌ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ. ಮಕ್ಕಳು ವಿದೇಶದಲ್ಲಿರುವ ಮನೆಗಳಲ್ಲಿ ಅಪ್ಪ, ಅಮ್ಮನ ಫೋನಿನಲ್ಲಿ ತಪ್ಪದೆ ಮಾಡಬೇಕಾದ ಕೆಲಸ ಇದು.

ಮೌನದಲ್ಲೊಂದು ಕಿಂಡಿ

ಹಾಗಂತ ನಾನು ಡು ನಾಟ್ ಡಿಸ್ಟರ್ಬ್ ತೆಗೆದುಹಾಕಲಿಲ್ಲ. ನಿದ್ದೆಯೂ ಬೇಕಲ್ಲ! ಬೇಕಾದವರಿಗೆ ಬಾಗಿಲು ತೆರೆದಿಟ್ಟೆ, ಅಷ್ಟೇ.

ಆಂಡ್ರಾಯ್ಡ್‌ನಲ್ಲಿ ಕಾಂಟ್ಯಾಕ್ಟ್‌ಗೆ ಸ್ಟಾರ್ ಹಾಕಿ, ಡು ನಾಟ್ ಡಿಸ್ಟರ್ಬ್‌ನ ಕಾಲ್ಸ್ ವಿಭಾಗದಲ್ಲಿ ‘ಸ್ಟಾರ್ಡ್ ಕಾಂಟ್ಯಾಕ್ಟ್ಸ್’ಗೆ ಅನುಮತಿ ಕೊಡಬೇಕು. ಆದರೆ ಫೋನೇ ಸೈಲೆಂಟ್ ಅಥವಾ ವೈಬ್ರೇಟ್‌ನಲ್ಲಿದ್ದರೆ ಸ್ಟಾರ್‌ನಿಂದ ಸದ್ದು ಬರಲ್ಲ, ನೆನಪಿರಲಿ. ಐಫೋನಿನಲ್ಲಿ ಕಾಂಟ್ಯಾಕ್ಟ್ ತೆರೆದು, ಎಡಿಟ್ ಒತ್ತಿ, ರಿಂಗ್‌ಟೋನ್ ಒಳಗೆ ‘ಎಮರ್ಜೆನ್ಸಿ ಬೈಪಾಸ್’ ಆನ್ ಮಾಡಿದರೆ, ಸೈಲೆಂಟ್‌ನಲ್ಲಿದ್ದರೂ ಅವರ ಕಾಲ್ ಕೇಳಿಸುತ್ತೆ.

‘ರಿಪೀಟ್ ಕಾಲರ್ಸ್’ ಅಂತ ಇನ್ನೊಂದಿದೆ. ಒಂದೇ ನಂಬರ್‌ನಿಂದ ಸ್ವಲ್ಪ ಹೊತ್ತಿನಲ್ಲೇ ಎರಡನೇ ಕಾಲ್ ಬಂದರೆ ರಿಂಗ್ ಆಗುತ್ತೆ. ಆಂಡ್ರಾಯ್ಡ್‌ನಲ್ಲಿ ಈ ಗಡುವು 15 ನಿಮಿಷ, ಐಫೋನಿನಲ್ಲಿ 3 ನಿಮಿಷ. ನನ್ನ ಫೋನಿನಲ್ಲಿ ಇದು ಆನ್ ಇತ್ತು. ಆದರೆ ಅಮ್ಮ ನನ್ನ ನಿದ್ದೆ ಕೆಡಿಸಬಾರದು ಅಂತ ಅರ್ಧ ಗಂಟೆ ಬಿಟ್ಟು ಮಾಡಿದ್ದರು! ಅಮ್ಮಂದಿರ ಈ ಸಂಕೋಚ ಯಾವ ಸೆಟ್ಟಿಂಗ್‌ಗೂ ಅರ್ಥವಾಗಲ್ಲ. ಅದಕ್ಕೇ ಸ್ಟಾರ್ ಹಾಕುವುದು ವಾಸಿ.

ಈಗ ನನ್ನ ಫೋನಿನಲ್ಲಿ ನಾಲ್ಕು ಸ್ಟಾರ್‌ಗಳಿವೆ: ಅಮ್ಮ, ಅಪ್ಪ, ಅಣ್ಣ ಮತ್ತು ಆ ರಾತ್ರಿ ಕಾರು ತೆಗೆದ ಪಕ್ಕದ ಮನೆಯವರು. ಅವರ ನಂಬರ್ ಅಲ್ಲಿಯವರೆಗೆ ನನ್ನ ಹತ್ತಿರ ಸೇವ್ ಕೂಡ ಆಗಿರಲಿಲ್ಲ. ಅಪ್ಪನ ಮಾತ್ರೆ ಚೀಟಿಯ ಫೋಟೊ ಈಗ ನಾಲ್ವರ ಬಳಿಯೂ ಇದೆ.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಪರೀಕ್ಷೆಯನ್ನು ಹಗಲಲ್ಲಿ ಮಾಡಬೇಡಿ, ಮೌನದ ಹೊತ್ತಿನಲ್ಲೇ ಮಾಡಿ. ನಾನು ಅಮ್ಮನಿಗೆ ರಾತ್ರಿ ಹನ್ನೊಂದೂವರೆಗೆ ಕಾಲ್ ಮಾಡಲು ಹೇಳಿದ್ದೆ. ಲೈಟ್ ಆರಿಸಿ ಕಾದೆ. ಹೇಳಿದ ಹೊತ್ತಿಗೆ ಫೋನ್ ಮನೆಯೆಲ್ಲ ಮೊಳಗುವಂತೆ ಹೊಡೆದುಕೊಂಡಿತು.

‘ಕೇಳಿಸ್ತೇನೇ?’ ಅಂದರು ಅಮ್ಮ.

‘ಕೇಳಿಸ್ತಮ್ಮ. ಇನ್ಮೇಲೆ ಎತ್ತದಿದ್ರೆ ಸುಮ್ನಾಗ್ಬೇಡ, ತಕ್ಷಣ ಇನ್ನೊಂದ್ಸಲ ಮಾಡು.’

‘ಆಯ್ತು, ಮಲ್ಕೋ ಈಗ. ನಿದ್ದೆ ಕೆಡುತ್ತೆ’ ಅಂತ ಇಟ್ಟೇಬಿಟ್ಟರು.