ಅಲಾಸ್ಕದ ಮೂಲನಿವಾಸಿ ಗ್ರಾಮಗಳಲ್ಲಿ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ

ಅಮೆರಿಕ ಸಂಯುಕ್ತ ಸಂಸ್ಥಾನದ ಅಲಾಸ್ಕ ರಾಜ್ಯದ ದೂರದ ಮೂಲನಿವಾಸಿ ಗ್ರಾಮಗಳಲ್ಲಿ ಶುದ್ಧ ನೀರಿನ ಪೂರೈಕೆ ಹಾಗೂ ಮಲ ಮತ್ತು ಕೊಳಚೆಯ ವಿಲೇವಾರಿ ದೀರ್ಘಕಾಲದಿಂದ ಪೂರ್ಣವಾಗಿ ಪರಿಹಾರವಾಗದೆ ಉಳಿದಿರುವ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿದೆ. 2020ರ ದಶಕದ ಆರಂಭದಲ್ಲಿಯೂ 30ಕ್ಕೂ ಹೆಚ್ಚು ಗ್ರಾಮಗಳ ಬಹುತೇಕ ಮನೆಗಳಿಗೆ ಕೊಳಾಯಿ ನೀರಾಗಲಿ ಒಳಚರಂಡಿಯಾಗಲಿ ಇರಲಿಲ್ಲ. ಕುಡಿಯುವ ನೀರಿನ ಶುದ್ಧತೆಯಷ್ಟೇ ಅಲ್ಲದೆ, ಕೈ, ಮೈ ಮತ್ತು ಬಟ್ಟೆ ತೊಳೆಯಲು ಮನೆಯಲ್ಲಿ ದೊರೆಯುವ ನೀರಿನ ಪ್ರಮಾಣವೂ ಆರೋಗ್ಯವನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಈ ಗ್ರಾಮಗಳು ಪ್ರಮುಖ ನಿದರ್ಶನವಾಗಿವೆ.

ಹಿನ್ನೆಲೆ

ಅಲಾಸ್ಕದಲ್ಲಿ ಇನುಪಿಯಾಟ್, ಯುಪಿಕ್, ಅಥಬಾಸ್ಕನ್, ಉನಂಗನ್, ಟ್ಲಿಂಗಿಟ್, ಹೈಡ ಮೊದಲಾದ ಮೂಲನಿವಾಸಿ ಜನಾಂಗಗಳಿವೆ. ಇವರಲ್ಲಿ ಅನೇಕರು ಹಿಂದೆ ಋತುಮಾನಕ್ಕೆ ಅನುಗುಣವಾಗಿ ಮೀನುಗಾರಿಕೆ ಮತ್ತು ಬೇಟೆಯ ನೆಲೆಗಳ ನಡುವೆ ಸಂಚರಿಸುತ್ತಿದ್ದರು. ಒಂದೇ ಸ್ಥಳದಲ್ಲಿ ಹೆಚ್ಚು ಕಾಲ ನೆಲೆಸದ ಕಾರಣ ತ್ಯಾಜ್ಯದ ಶೇಖರಣೆ ದೊಡ್ಡ ಸಮಸ್ಯೆಯಾಗಿರಲಿಲ್ಲ. ಶಾಲೆ, ಚರ್ಚು ಮತ್ತು ಅಂಗಡಿಗಳು ಸ್ಥಾಪನೆಯಾದಂತೆ ಜನರು ಅವುಗಳ ಸುತ್ತ ಖಾಯಂ ಆಗಿ ನೆಲೆಸತೊಡಗಿದರು. ಹೀಗೆ ಬೆಳೆದ ಗ್ರಾಮಗಳಿಗೆ ನೀರು ಮತ್ತು ಚರಂಡಿಯ ವ್ಯವಸ್ಥೆ ಮಾತ್ರ ಜೊತೆಯಲ್ಲಿ ಬರಲಿಲ್ಲ.

ಇಂತಹ ಹೆಚ್ಚಿನ ಗ್ರಾಮಗಳಿಗೆ ರಸ್ತೆ ಸಂಪರ್ಕವಿಲ್ಲ. ಸಣ್ಣ ವಿಮಾನ, ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಓಡುವ ಹಿಮವಾಹನ ಇವೇ ಸಂಚಾರ ಸಾಧನಗಳು. ಕೊಳವೆ, ಪಂಪು, ಇಂಧನ ಎಲ್ಲವನ್ನೂ ಹೊರಗಿನಿಂದ ತರಿಸಬೇಕಾದುದರಿಂದ ನಿರ್ಮಾಣದ ವೆಚ್ಚ ಬಹಳ ಹೆಚ್ಚು.

ನೆಲ ಮತ್ತು ಹವಾಮಾನದ ತೊಡಕುಗಳು

ರಾಜ್ಯದ ಉತ್ತರ ಮತ್ತು ಪಶ್ಚಿಮ ಭಾಗಗಳಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುವ ನೆಲ, ಅಂದರೆ ಪರ್ಮಾಫ್ರಾಸ್ಟ್, ವ್ಯಾಪಕವಾಗಿದೆ. ಇಂತಹ ನೆಲದಲ್ಲಿ ಸಾಮಾನ್ಯ ರೀತಿಯಲ್ಲಿ ಕೊಳವೆ ಹೂತರೆ ಅದರೊಳಗಿನ ನೀರು ಹೆಪ್ಪುಗಟ್ಟಬಹುದು. ಬೆಚ್ಚಗಿನ ಕೊಳವೆಯನ್ನು ಹೂತರೆ ಸುತ್ತಲಿನ ಮಂಜು ಕರಗಿ, ನೆಲ ಕುಸಿದು, ಕೊಳವೆಯೇ ಮುರಿಯಬಹುದು. ಆದ್ದರಿಂದ ಅನೇಕ ಕಡೆ ಉಷ್ಣನಿರೋಧಕ ಹೊದಿಕೆಯ ಕೊಳವೆಗಳನ್ನು ನೆಲದ ಮೇಲೆ ಆಧಾರಗಳನ್ನಿಟ್ಟು ಹಾಯಿಸಲಾಗುತ್ತದೆ. ನೀರನ್ನು ಬಿಸಿಮಾಡಿ ನಿರಂತರವಾಗಿ ಸುತ್ತುತ್ತಿರುವಂತೆ ಮಾಡಬೇಕಾಗುತ್ತದೆ. ವಿದ್ಯುತ್ ಅಥವಾ ಇಂಧನ ಕೆಲವು ಗಂಟೆಗಳ ಕಾಲ ಇಲ್ಲವಾದರೂ ಇಡೀ ಜಾಲವೇ ಹೆಪ್ಪುಗಟ್ಟುವ ಅಪಾಯವಿದೆ. ಅಂತರ್ಜಲ ದುರ್ಲಭವಾದ ಕಡೆ ನದಿ ಅಥವಾ ಕೆರೆಯ ನೀರನ್ನು ಬೇಸಿಗೆಯಲ್ಲೇ ಶುದ್ಧೀಕರಿಸಿ ದೊಡ್ಡ ತೊಟ್ಟಿಗಳಲ್ಲಿ ಚಳಿಗಾಲಕ್ಕಾಗಿ ಸಂಗ್ರಹಿಸುವುದುಂಟು.

ಕೊಳಾಯಿ ಇಲ್ಲದ ಮನೆಗಳು

ಒಳಚರಂಡಿ ಇಲ್ಲದ ಮನೆಗಳಲ್ಲಿ ಶೌಚಕ್ಕೆ ಬಳಸುವ ಬಕೆಟ್ಟನ್ನು ಅಲ್ಲಿನವರು ‘ಹನಿ ಬಕೆಟ್’ ಎನ್ನುತ್ತಾರೆ. ಇದರ ಅಕ್ಷರಾರ್ಥ ಜೇನಿನ ಬಕೆಟ್ಟು. ವ್ಯಂಗ್ಯದಿಂದ ಬಂದ ಹೆಸರು. ಸಾಮಾನ್ಯವಾಗಿ ಇದು ಸುಮಾರು 19 ಲೀಟರ್ ಹಿಡಿಯುವ ಪ್ಲಾಸ್ಟಿಕ್ ಬಕೆಟ್ಟಾಗಿದ್ದು, ಒಳಗೆ ಪ್ಲಾಸ್ಟಿಕ್ ಚೀಲವನ್ನು ಹಾಸಿರುತ್ತಾರೆ. ತುಂಬಿದ ಬಕೆಟ್ಟನ್ನು ಮನೆಯವರೇ ಹೊತ್ತೊಯ್ದು ಬೀದಿಯ ಸಂಗ್ರಹ ತೊಟ್ಟಿಗೆ ಅಥವಾ ಊರಾಚೆಯ ಕೊಳಚೆ ಹೊಂಡಕ್ಕೆ ಹಾಕಬೇಕು. ದಾರಿಯಲ್ಲಿ ಚೆಲ್ಲುವುದರಿಂದ ಮತ್ತು ವಸಂತಕಾಲದ ಪ್ರವಾಹದಿಂದ ಮಲಿನ ಪದಾರ್ಥ ಜನವಸತಿಯಲ್ಲಿ ಹರಡುತ್ತದೆ.

ಈ ಗ್ರಾಮಗಳಲ್ಲಿ ಸಾಮಾನ್ಯವಾಗಿ ‘ವಾಷೆಟೀರಿಯಾ’ ಎಂಬ ಸಾರ್ವಜನಿಕ ಕಟ್ಟಡವಿರುತ್ತದೆ. ಅಲ್ಲಿ ಶುದ್ಧೀಕರಿಸಿದ ನೀರು, ಸ್ನಾನದ ಕೊಠಡಿ ಮತ್ತು ಬಟ್ಟೆ ಒಗೆಯುವ ಯಂತ್ರಗಳು ಹಣ ಪಾವತಿಸಿದರೆ ದೊರೆಯುತ್ತವೆ. ನೀರನ್ನು ಹೊತ್ತು ತರಬೇಕಾದ ಮನೆಗಳಲ್ಲಿ ಅದನ್ನು ಅಳೆದು ಬಳಸುವುದು ಅನಿವಾರ್ಯ. ಒಂದೇ ಬೋಗುಣಿಯ ನೀರಿನಲ್ಲಿ ಮನೆಮಂದಿಯೆಲ್ಲ ಕೈತೊಳೆಯುವ ರೂಢಿಯೂ ಉಂಟು. ಮಳೆನೀರನ್ನು ಮತ್ತು ಮಂಜುಗಡ್ಡೆ ಕರಗಿಸಿದ ನೀರನ್ನು ಕುಡಿಯಲು ಬಳಸುವವರೂ ಇದ್ದಾರೆ.

ಆರೋಗ್ಯದ ಮೇಲಿನ ಪರಿಣಾಮ

ಕಲುಷಿತ ನೀರನ್ನು ಕುಡಿಯುವುದರಿಂದ ಬರುವ ರೋಗಗಳು ಒಂದು ಬಗೆ. ತೊಳೆಯಲು ಸಾಕಷ್ಟು ನೀರಿಲ್ಲದಿರುವುದರಿಂದ ಹರಡುವ ರೋಗಗಳು ಇನ್ನೊಂದು ಬಗೆ. ಅಲಾಸ್ಕದಲ್ಲಿ ಎರಡನೆಯ ಬಗೆ ಹೆಚ್ಚು ಗಮನ ಸೆಳೆದಿದೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮನೆಯಲ್ಲಿ ನೀರಿನ ಸೌಲಭ್ಯ ಕಡಿಮೆಯಿರುವ ಪ್ರದೇಶಗಳಲ್ಲಿ ನ್ಯುಮೋನಿಯ, ಇನ್‌ಫ್ಲುಯೆಂಜ ಮತ್ತು ಚರ್ಮದ ಸೋಂಕುಗಳಿಂದ ಆಸ್ಪತ್ರೆ ಸೇರುವವರ ಪ್ರಮಾಣ ಹೆಚ್ಚಾಗಿತ್ತು.

ಪಶ್ಚಿಮ ಅಲಾಸ್ಕದ ನಾಲ್ಕು ಗ್ರಾಮಗಳಿಗೆ ಕೊಳಾಯಿ ನೀರು ಬಂದ ನಂತರ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿಯೊಬ್ಬರ ದಿನದ ನೀರಿನ ಬಳಕೆ ಸುಮಾರು 5.7 ಲೀಟರಿನಿಂದ 97 ಲೀಟರಿಗೆ ಏರಿದ್ದು ಕಂಡುಬಂದಿತು. ಅದೇ ಅವಧಿಯಲ್ಲಿ ಶ್ವಾಸಾಂಗದ ಸೋಂಕುಗಳು ಶೇ. 16, ಚರ್ಮದ ಸೋಂಕುಗಳು ಶೇ. 20 ಮತ್ತು ಜಠರ-ಕರುಳಿನ ಸೋಂಕುಗಳು ಶೇ. 38ರಷ್ಟು ಇಳಿದವು. 2020ರಲ್ಲಿ ಕೋವಿಡ್-19 ಹರಡಿದಾಗ ಪದೇಪದೇ ಕೈತೊಳೆಯಬೇಕೆಂಬ ಸಲಹೆಯನ್ನು ಪಾಲಿಸುವುದೇ ಕೊಳಾಯಿ ಇಲ್ಲದ ಮನೆಗಳಿಗೆ ಕಷ್ಟವಾಯಿತು.

ಸರ್ಕಾರದ ಕ್ರಮಗಳು

1959ರ ಫೆಡರಲ್ ಕಾಯಿದೆಯೊಂದು ಮೂಲನಿವಾಸಿಗಳ ಮನೆ ಮತ್ತು ಗ್ರಾಮಗಳಿಗೆ ನೀರು ಮತ್ತು ನೈರ್ಮಲ್ಯ ಸೌಕರ್ಯ ನಿರ್ಮಿಸುವ ಅಧಿಕಾರವನ್ನು ಸಾರ್ವಜನಿಕ ಆರೋಗ್ಯ ಸೇವೆಗೆ ನೀಡಿತು. ಇಂದು ಇಂಡಿಯನ್ ಹೆಲ್ತ್ ಸರ್ವಿಸ್ ಈ ಕಾರ್ಯವನ್ನು ನಡೆಸುತ್ತಿದೆ. 1970ರಲ್ಲಿ ಅಲಾಸ್ಕ ರಾಜ್ಯವು ಗ್ರಾಮಗಳ ಸುರಕ್ಷಿತ ನೀರಿಗಾಗಿ ತನ್ನದೇ ಕಾಯಿದೆಯನ್ನು ಮಾಡಿತು. 1997ರಲ್ಲಿ ಸ್ಥಾಪನೆಯಾದ ಅಲಾಸ್ಕ ನೇಟಿವ್ ಟ್ರೈಬಲ್ ಹೆಲ್ತ್ ಕನ್ಸಾರ್ಷಿಯಂ ಮೂಲನಿವಾಸಿಗಳೇ ನಡೆಸುವ ಸಂಸ್ಥೆಯಾಗಿದ್ದು, ಈ ಯೋಜನೆಗಳ ವಿನ್ಯಾಸ ಮತ್ತು ನಿರ್ಮಾಣದಲ್ಲಿ ತೊಡಗಿದೆ. 2021ರ ಮೂಲಸೌಕರ್ಯ ಕಾಯಿದೆಯು ದೇಶದ ಎಲ್ಲ ಮೂಲನಿವಾಸಿ ಸಮುದಾಯಗಳ ನೈರ್ಮಲ್ಯ ಕಾಮಗಾರಿಗಳಿಗಾಗಿ ಐದು ವರ್ಷಗಳಲ್ಲಿ 350 ಕೋಟಿ ಡಾಲರ್ ಒದಗಿಸಿತು.

ನಿರ್ವಹಣೆಯ ಹೊರೆ

ನಿರ್ಮಾಣದ ಹಣ ಸರ್ಕಾರದಿಂದ ಬಂದರೂ ವ್ಯವಸ್ಥೆಯನ್ನು ನಡೆಸುವ ಖರ್ಚು ಬಹುಮಟ್ಟಿಗೆ ಗ್ರಾಮದ ಮೇಲೆಯೇ ಬೀಳುತ್ತದೆ. ಕೆಲವೇ ನೂರು ಜನರಿರುವ, ನಗದು ವರಮಾನ ಕಡಿಮೆಯಿರುವ ಊರಿನಲ್ಲಿ ಇಂಧನದ ಬೆಲೆ, ಬಿಡಿಭಾಗಗಳ ಸಾಗಣೆ ಮತ್ತು ಶುದ್ಧೀಕರಣ ಘಟಕ ನಡೆಸುವವರ ಸಂಬಳವನ್ನು ಮನೆಗಳ ಮಾಸಿಕ ಶುಲ್ಕದಿಂದಲೇ ಹೊಂದಿಸುವುದು ಕಠಿಣ. ತರಬೇತಿ ಪಡೆದ ನಿರ್ವಾಹಕರು ಕೆಲಸ ಬಿಟ್ಟುಹೋದರೆ ಕಟ್ಟಿದ ವ್ಯವಸ್ಥೆಯೂ ಕೆಡುತ್ತದೆ. ಗ್ರಾಮದಿಂದ ಗ್ರಾಮಕ್ಕೆ ಹೋಗಿ ಸ್ಥಳೀಯ ನಿರ್ವಾಹಕರಿಗೆ ನೆರವಾಗುವ ತಂತ್ರಜ್ಞರ ಯೋಜನೆಯೊಂದು ಇದಕ್ಕಾಗಿಯೇ ಇದೆ.

ಕಡಿಮೆ ವೆಚ್ಚದ ಪರ್ಯಾಯಗಳ ಹುಡುಕಾಟವೂ ನಡೆದಿದೆ. ಮನೆಯೊಳಗಿನ ನೀರಿನ ತೊಟ್ಟಿ, ಕೈತೊಳೆಯುವ ಬೇಸಿನ್ ಮತ್ತು ಮೂತ್ರವನ್ನು ಬೇರ್ಪಡಿಸುವ ಒಣ ಶೌಚಾಲಯವನ್ನು ಒಳಗೊಂಡ, ಬೇರೆಡೆಗೆ ಸಾಗಿಸಬಹುದಾದ ವ್ಯವಸ್ಥೆಯನ್ನು 2015ರಲ್ಲಿ ಕಿವಲಿನ ಗ್ರಾಮದಲ್ಲಿ ಪ್ರಯೋಗಿಸಲಾಯಿತು.

ಹವಾಮಾನ ಬದಲಾವಣೆ

ಪರ್ಮಾಫ್ರಾಸ್ಟ್ ಕರಗುವಿಕೆ ಮತ್ತು ದಡದ ಕೊರೆತದಿಂದ ಈಗಾಗಲೇ ಇರುವ ಕೊಳವೆ, ತೊಟ್ಟಿ ಮತ್ತು ಕೊಳಚೆ ಹೊಂಡಗಳಿಗೂ ಹಾನಿಯಾಗುತ್ತಿದೆ. ನಿಂಗ್ಲಿಕ್ ನದಿಯ ಕೊರೆತಕ್ಕೆ ಸಿಲುಕಿದ ನ್ಯೂಟಾಕ್ ಎಂಬ ಯುಪಿಕ್ ಗ್ರಾಮದ ಜನರು 2019ರಿಂದ ಮೆರ್ಟಾರ್ವಿಕ್ ಎಂಬ ಹೊಸ ನೆಲೆಗೆ ಸ್ಥಳಾಂತರಗೊಳ್ಳತೊಡಗಿದರು. ಹೀಗೆ ಸ್ಥಳಾಂತರದ ನಿರೀಕ್ಷೆಯಲ್ಲಿರುವ ಗ್ರಾಮಗಳಿಗೆ ಒಂದು ವಿಶೇಷ ತೊಂದರೆಯಿದೆ: ಅಳಿಯಲಿರುವ ನೆಲದಲ್ಲಿ ಶಾಶ್ವತ ವ್ಯವಸ್ಥೆಗೆ ಹಣ ದೊರೆಯುವುದು ಕಷ್ಟ, ಹೊಸ ನೆಲೆ ಸಿದ್ಧವಾಗಲು ಹಲವು ವರ್ಷಗಳು ಬೇಕು. ಆ ನಡುವಿನ ಅವಧಿಯಲ್ಲಿ ಬೆಳೆಯುವ ಮಕ್ಕಳು ಬಕೆಟ್ಟು ಮತ್ತು ಬೋಗುಣಿಯ ನೀರನ್ನೇ ಅವಲಂಬಿಸಬೇಕಾಗುತ್ತದೆ.