ಆ ಬಾಯಿಗೆ ಟಾರ್ಚ್ ಬಿಟ್ಟು ನೋಡಿದ್ದೀರಾ?

ಮೂರು ದಿನದಿಂದ ಹುಡುಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುತ್ತಿದ್ದ. ತಟ್ಟೆ ಮುಂದಿಟ್ಟರೆ ದೂಡುತ್ತಿದ್ದ. ‘ಹಟ ಜಾಸ್ತಿಯಾಗಿದೆ, ಮಾತ್ರೆ ಏರಿಸಬೇಕೇನೋ’ ಎಂದು ಮನೆಯವರ ಲೆಕ್ಕಾಚಾರ. ಕೊನೆಗೆ ಅಜ್ಜಿ ಮೊಬೈಲ್ ಟಾರ್ಚ್ ಹಿಡಿದು ತುಟಿ ಎತ್ತಿ ನೋಡಿದರು. ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವಿನ ಗುಳ್ಳೆ.

ಈ ಹುಡುಗನಂತೆ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು ನಂಬಿದವರು ಬಹಳ. ಗೊತ್ತಾಗುತ್ತದೆ, ಬಾಯಿಬಿಟ್ಟು ಹೇಳಲು ಎಷ್ಟೋ ಜನರಿಗೆ ಆಗುವುದಿಲ್ಲ. ನಿದ್ದೆಗೆಡುವುದು, ಕೈ ಕಚ್ಚಿಕೊಳ್ಳುವುದು, ಒಂದೇ ಬದಿಯಲ್ಲಿ ಅಗಿಯುವುದು, ಇಷ್ಟದ ರೊಟ್ಟಿ ಬಿಟ್ಟು ಗಂಜಿ ಬೇಡುವುದು ಕಂಡರೆ ಮೊದಲು ಬಾಯಿ ನೋಡಿ.

‘ಇವರ ಹಲ್ಲು ಹುಟ್ಟಿನಿಂದಲೇ ಹಾಳು, ಉಜ್ಜಿ ಏನು ಬಂತು?’ ಇದರಲ್ಲಿ ಕಾಲುಭಾಗ ನಿಜವಿದೆ. ಡೌನ್ ಸಿಂಡ್ರೋಮ್ ಇದ್ದರೆ ಹಲ್ಲು ತಡವಾಗಿ ಮೂಡುತ್ತವೆ, ವಸಡಿನ ರೋಗ ಚಿಕ್ಕ ವಯಸ್ಸಿಗೇ ಜೋರಾಗಿ ಅಂಟುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯಿಂದ ಕೆಲವರ ವಸಡು ಉಬ್ಬಿ ಹಲ್ಲನ್ನೇ ಮುಚ್ಚುತ್ತಾ ಬರುತ್ತದೆ. ಆದರೆ ಎರಡೂ ಕಡೆ ಹಲ್ಲಿನ ಮೇಲೆ ಕೂತ ಅಂಟುಪದರವೇ ತೊಂದರೆಯನ್ನು ಹೆಚ್ಚಿಸುವುದು. ಅದನ್ನು ತೆಗೆಯುವುದು ಬ್ರಷ್. ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ವಸಡು ತೋರಿಸಿ.

ಇಲ್ಲೊಂದು ಕಹಿ ಕಥೆ ಹೇಳಲೇಬೇಕು. ಸ್ವೀಡನ್ನಿನ ಲುಂಡ್ ನಗರದಲ್ಲಿ ವಿಪೆಹೋಲ್ಮ್ ಎಂಬ ಸಂಸ್ಥೆಯಿತ್ತು, ಬೌದ್ಧಿಕ ಅಂಗವೈಕಲ್ಯ ಇರುವವರನ್ನೇ ಇರಿಸಿದ್ದ ಜಾಗ. 1940ರ ದಶಕದಲ್ಲಿ ಸಂಶೋಧಕರು ಅಲ್ಲಿನ ಕೆಲವರಿಗೆ, ಹಲ್ಲಿಗೆ ಅಂಟಲೆಂದೇ ಮಾಡಿಸಿದ ಟಾಫಿಗಳನ್ನು ಊಟದ ನಡುನಡುವೆ ತಿನ್ನಿಸಿದರು. ಅವರ ಒಪ್ಪಿಗೆ ಯಾರೂ ಕೇಳಲಿಲ್ಲ. ಹಲ್ಲುಗಳು ಹುಳುಕಾಗಿ ಹೋದವು. 1954ರಲ್ಲಿ ಫಲಿತಾಂಶ ಪ್ರಕಟವಾಯಿತು: ಎಷ್ಟು ಸಕ್ಕರೆ ಎನ್ನುವುದಕ್ಕಿಂತ ಎಷ್ಟು ಸಲ, ಎಷ್ಟು ಅಂಟಂಟಾಗಿ ಎನ್ನುವುದೇ ಹೆಚ್ಚು ಕೆಡುಕು. ಇಂದು ದಂತವೈದ್ಯರು ನಮ್ಮೆಲ್ಲರ ಮಕ್ಕಳಿಗೆ ಹೇಳುವ ಬುದ್ಧಿಮಾತು ಇವರ ಬಾಯಿ ಕೆಡಿಸಿ ಕಲಿತದ್ದು. ಆದರೂ ಹೇಳಿದ ಮಾತು ಕೇಳಿದ್ದಕ್ಕೆ ಬಹುಮಾನವೆಂದು ದಿನಕ್ಕೆ ಹತ್ತು ಸಲ ಚಾಕೊಲೇಟ್ ಸಿಗುವುದು ಇವರಿಗೇ. ಮಲಗುವ ಮುಂಚೆ ಸಿಹಿ ಸಿರಪ್ ಬೇರೆ.

‘ಸ್ವಾವಲಂಬನೆ ಕಲಿಯಲಿ, ತಾನೇ ಉಜ್ಜಿಕೊಳ್ಳಲಿ.’ ಉದ್ದೇಶ ಒಳ್ಳೆಯದೇ. ಆದರೆ ಗಮನಿಸಿ ನೋಡಿ: ಮುಂದಿನ ನಾಲ್ಕು ಹಲ್ಲು ಉಜ್ಜಿ, ಬ್ರಷ್ ಅಗಿದು, ಉಗಿದು ಮುಗಿಸಿರುತ್ತಾರೆ. ಮೊದಲ ಸುತ್ತು ಅವರದಾಗಲಿ, ಎರಡನೆಯದು ನಿಮ್ಮದು. ಹಿಡಿತ ಸಾಲದಿದ್ದರೆ ಬ್ರಷ್‌ನ ಹಿಡಿಗೆ ಸೈಕಲ್ ಹ್ಯಾಂಡಲ್‌ನ ರಬ್ಬರ್ ಗ್ರಿಪ್ ಹಾಕಿ. ಎದುರು ನಿಂತು ಬಾಯಿಗೆ ತಿವಿಯಬೇಡಿ. ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಒರಗಿಸಿ. ಒಂದು ಕೈಯಲ್ಲಿ ತುಟಿ ಸರಿಸಿ, ಇನ್ನೊಂದರಲ್ಲಿ ಮೆತ್ತನೆಯ ಬ್ರಷ್ಷನ್ನು ಹಲ್ಲು-ವಸಡು ಸೇರುವ ಗೆರೆಗೆ ಓರೆಯಾಗಿಟ್ಟು ಮೆಲ್ಲಗೆ ಆಡಿಸಿ. ಬಚ್ಚಲಲ್ಲೇ ಆಗಬೇಕೆಂದೇನಿಲ್ಲ, ಟಿವಿ ಮುಂದೆಯೂ ಆದೀತು. ನೊರೆ ಎದ್ದಷ್ಟೂ ಸ್ವಚ್ಛ ಎನ್ನುವುದೂ ಸುಳ್ಳು. ಉಗಿಯಲು ಬರದಿದ್ದರೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ಉಳಿದದ್ದನ್ನು ಬಟ್ಟೆಯಿಂದ ಒರೆಸಿ. ನುಂಗುವಾಗ ನೆತ್ತಿಗೇರುವವರನ್ನು ಅಂಗಾತ ಮಲಗಿಸಿ ಉಜ್ಜಲೇಬಾರದು.

ರಕ್ತ ಕಂಡರೆ ಬ್ರಷ್ ಬಿಟ್ಟುಬಿಡುವವರೇ ಹೆಚ್ಚು. ಊದಿದ ವಸಡಿನಿಂದ ಬರುವ ರಕ್ತ ಅದು. ಬಿಟ್ಟರೆ ಇನ್ನೂ ಊದುತ್ತದೆ. ಮೆಲ್ಲಗೆ ಉಜ್ಜುತ್ತಾ ಹೋದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ದಂತವೈದ್ಯರ ಬಳಿ ಹೋಗಿ. ‘ಅರಿವಳಿಕೆ ಕೊಡದೆ ಇವರಿಗೆ ಏನೂ ಮಾಡೋಕಾಗಲ್ಲ’ ಎಂಬ ಮಾತನ್ನು ಮೊದಲ ದಿನವೇ ಒಪ್ಪಬೇಡಿ. ಒಂದು ದಿನ ಕುರ್ಚಿ ಏರಿ ಇಳಿದರೆ ಸಾಕು, ಇನ್ನೊಂದು ದಿನ ಕನ್ನಡಿ ಹಿಡಿದು ನೋಡಿದರೆ ಸಾಕು. ಹೀಗೇ ಎಷ್ಟೋ ಜನ ಒಗ್ಗುತ್ತಾರೆ.

ಆ ಹುಡುಗನ ಹಲ್ಲನ್ನು ಕೀಳಲೇಬೇಕಾಯಿತು. ಈಗ ರಾತ್ರಿ ಅಜ್ಜಿ ಕುರ್ಚಿ ಎಳೆದ ಸದ್ದಿಗೆ ತಾನೇ ಬಂದು ಕೂರುತ್ತಾನೆ. ಅವರು ಗಟ್ಟಿಯಾಗಿ ಎಣಿಸುತ್ತಾ ಉಜ್ಜುತ್ತಾರೆ. ಎಂಟರವರೆಗೆ ಬಾಯಿ ತೆರೆದೇ ಇರುತ್ತದೆ. ಒಂಬತ್ತಕ್ಕೆ ಬ್ರಷ್ ಕಚ್ಚಿ ನಗುತ್ತಾನೆ.